ತಾಂಡೂರಿನ ತೊಗರಿ, ತಗಡಿನ ಡಬ್ಬಿ ಮತ್ತು ನಮ್ಮ ಮಾತು



ಅಮೆರಿಕದಿಂದ ಊರಿಗೆ ಬಂದ ಪರಿಚಯದವರೊಬ್ಬರು ನಮ್ಮ ಮನೆಗೆ ಒಂದು ತಗಡಿನ ಡಬ್ಬಿ ಕೊಟ್ಟರು. ಮೇಲೆ 'ರಿಫ್ರೈಡ್ ಬೀನ್ಸ್' ಎಂದು ಬರೆದಿತ್ತು. ತೆರೆದು ನೋಡಿದರೆ ಬೇಯಿಸಿ ಕಿವುಚಿದ ಕಾಳು! ನಮ್ಮ ತಾಯಿ ನೋಡಿ, "ಇದು ನಮ್ಮ ಎಳ್ಳಮಾಸಿ ಭಜ್ಜಿ ಇದ್ಹಂಗ ಅದಲ್ಲ!" ಎಂದು ನಕ್ಕರು. ಆ ಮಾತೇ ಈ ಲೇಖನಕ್ಕೆ ಕಾರಣ.

ಮೆಕ್ಸಿಕೊ ದೇಶದವರು ರಾಜ್ಮಾದಂಥ ಕಾಳು ಬೇಯಿಸಿ, ಕಿವುಚಿ, ಕೊಬ್ಬಿನಲ್ಲಿ ಹುರಿಯುತ್ತಾರೆ. ಅವರ ಸ್ಪ್ಯಾನಿಷ್ ಮಾತಿನಲ್ಲಿ 'ರೆಫ್ರಿತೊ' ಎಂದರೆ ಚೆನ್ನಾಗಿ ಹುರಿದದ್ದು. ಇಂಗ್ಲಿಷಿಗೆ ಬಂದಾಗ ಅದೇ ಪದ ಎರಡು ಸಲ ಹುರಿದದ್ದು ಎಂಬ ಅರ್ಥ ಕೊಡತೊಡಗಿತು. ತಿನಿಸು ಗಡಿ ದಾಟಿತು, ಅರ್ಥ ಹಿಂದೆಯೇ ಉಳಿಯಿತು! ಗಡಿಯಲ್ಲಿ ಬದುಕುವ ನಮಗೆ ಇದು ಹೊಸದಲ್ಲ.

ನಮ್ಮ ತೊಗರಿಯನ್ನೇ ನೋಡಿ. ಇದು ಭಾರತದ್ದೇ ಬೆಳೆ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಸುಮಾರು 3,400 ವರ್ಷ ಹಳೆಯ ತೊಗರಿಯ ಕುರುಹು ಸಿಕ್ಕಿದೆ. ಇಲ್ಲಿಂದ ಆಫ್ರಿಕಾಕ್ಕೆ ಹೋಗಿ, ಗುಲಾಮರ ವ್ಯಾಪಾರದ ಕಾಲದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳನ್ನು ಸೇರಿತು. ಪೋರ್ಟೊ ರಿಕೊ ದ್ವೀಪದಲ್ಲಿ ಇದರ ಹೆಸರು 'ಗಂಡೂಲೆಸ್'. ಅಲ್ಲಿ ಹಸಿ ತೊಗರಿಕಾಳು ಡಬ್ಬಿಯಲ್ಲೇ ಸಿಗುತ್ತದೆ, ಅನ್ನದ ಜೊತೆ ಬೇಯಿಸುತ್ತಾರೆ.

ಇನ್ನು ನಮ್ಮ ಗಡಿಯ ಕಥೆ. 1948ರ ಪೊಲೀಸ್ ಕಾರ್ಯಾಚರಣೆಯ ತನಕ ನಾವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದವರು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯ ವಿಂಗಡಣೆಯಾದಾಗ ಈ ಮೂರೂ ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿನಲ್ಲಿ ನಿರ್ಣಾ ವೃತ್ತ ಮಾತ್ರ ಮೈಸೂರು ರಾಜ್ಯಕ್ಕೆ ಸೇರಿತು. 2014ರಲ್ಲಿ ನಾವು ತೆಲಂಗಾಣದವರಾದೆವು. 2016ರಲ್ಲಿ ಜಿಲ್ಲೆಗಳು ಮತ್ತೆ ಬದಲಾಗಿ, ತಾಂಡೂರು ವಿಕಾರಾಬಾದಿಗೂ ಉಳಿದೆರಡು ಸಂಗಾರೆಡ್ಡಿಗೂ ಸೇರಿದವು.

ಆದರೆ ಕಪ್ಪು ನೆಲಕ್ಕೆ ಈ ಗೆರೆ ಗೊತ್ತಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಎರಡೂ ಕಡೆ ಸುಣ್ಣಕಲ್ಲಿನ ನೆಲ, ಮಳೆಯಾಧಾರದ ಬೆಳೆ. ತಾಂಡೂರಿನ ತೊಗರಿಯಲ್ಲಿ ಶೇ. 22ರಿಂದ 24ರಷ್ಟು ಪ್ರೋಟೀನ್ ಇದೆ ಎನ್ನುತ್ತಾರೆ. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ರೈತ ಮಹಿಳೆಯರು ಸಿರಿಧಾನ್ಯಗಳ ಜೊತೆ ತೊಗರಿಯಂಥ ಬೇಳೆಕಾಳುಗಳನ್ನೂ ಒಂದೇ ಹೊಲದಲ್ಲಿ ಬೆಳೆದು, ಬೀಜ ಕಾಪಾಡಿಕೊಂಡು ಬಂದಿದ್ದಾರೆ. 2019ರಲ್ಲಿ ಆ ಸಂಸ್ಥೆಗೆ ಈಕ್ವೇಟರ್ ಪ್ರಶಸ್ತಿ ಬಂದಿತು.

ಕಾಳು ಕೆಡದಂತೆ ಇಡುವುದು ಎಲ್ಲ ದೇಶದವರ ಚಿಂತೆ. ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಕೆಡುವುದಿಲ್ಲ ಎಂದು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪುಸ್ತಕ ಬರೆದು ತಿಳಿಸಿದ. ನಮ್ಮ ಅಜ್ಜಿಯರಿಗೆ ಕೆಮ್ಮಣ್ಣು ಮತ್ತು ಬಿಸಿಲೇ ಡಬ್ಬಿ! ತೊಗರಿ ನೆನೆಸಿ, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರುತ್ತಿದ್ದರು. ಹೊಟ್ಟು ದನಕ್ಕೆ, ನುಚ್ಚು ಮನೆಗೆ. ಏನೂ ಹಾಳಾಗುತ್ತಿರಲಿಲ್ಲ.

ಮನೆಗೆ ಉಪಯೋಗವಾಗುವ ಕೆಲವು ಮಾತು ಹೇಳುತ್ತೇನೆ. ಡಬ್ಬಿಯ ಕಾಳು ಕೊಳ್ಳುವುದಾದರೆ ಉಬ್ಬಿದ, ಜೋಡಣೆಯಲ್ಲಿ ತಗ್ಗಾದ, ತುಕ್ಕು ಹಿಡಿದ ಡಬ್ಬಿ ಬೇಡ. ಶಾಕಾಹಾರಿಗಳು ಹಂದಿಯ ಕೊಬ್ಬು ಸೇರಿದೆಯೇ ಎಂದು ಓದಿ ನೋಡಬೇಕು. ಉಪ್ಪಿನ ಪ್ರಮಾಣವನ್ನೂ ನೋಡಬೇಕು. ತೆರೆದ ಮೇಲೆ ಬೇರೆ ಪಾತ್ರೆಗೆ ಹಾಕಿ, ಫ್ರಿಜ್‌ನಲ್ಲಿಟ್ಟು, ಮೂರು-ನಾಲ್ಕು ದಿನದೊಳಗೆ ಮುಗಿಸಬೇಕು. ತೊಗರಿಬೇಳೆ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಕೊಡಲಿಯಾಕಾರದ ಚಪ್ಪಟೆ ಕಾಳು ಕಂಡರೆ ಕೇಸರಿಬೇಳೆಯ ಕಲಬೆರಕೆ ಇರಬಹುದು. ಬೇಳೆ ನೆನೆಸಿದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಮೆಟನಿಲ್ ಹಳದಿ ಬೆರೆತಿದೆ ಎಂದು ತಿಳಿಯಬೇಕು. ಇದನ್ನು ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರೇ ಮಾಡಿ ತೋರಿಸಲಿ.

ಈಗ ನನ್ನ ಮನಸ್ಸಿನ ಮಾತು. ಒಮ್ಮೆ ತರಗತಿಯಲ್ಲಿ "ತೊಗರಿ ಕೇರುವುದು ಎಂದರೇನು?" ಎಂದು ಕೇಳಿದೆ. ಯಾರೂ ಹೇಳಲಿಲ್ಲ. ಅಂಗಡಿಯಲ್ಲಿ 'ಕಂದಿಪಪ್ಪು' ಎನ್ನುತ್ತಾರೆ, ಅದು ತಪ್ಪಲ್ಲ. ತೆಲುಗು ನಮ್ಮ ಮಕ್ಕಳಿಗೆ ಅನ್ನದ ಭಾಷೆ, ಚೆನ್ನಾಗಿ ಕಲಿಯಲಿ. ಆದರೆ ಮನೆಯಲ್ಲಿ ಬೀಸುಕಲ್ಲು ಹೋಯಿತು, ಅದರ ಹಿಂದೆ ಮಾತೂ ಹೋಗುತ್ತಿದೆ. ಪಠ್ಯಪುಸ್ತಕದಲ್ಲಿ ಈ ಮಾತುಗಳಿಲ್ಲ, ಅಜ್ಜಿಯ ಬಾಯಲ್ಲಿ ಮಾತ್ರ ಇವೆ. ಅಜ್ಜಿಯರು ಎಷ್ಟು ದಿನ ಇರುತ್ತಾರೆ?

ಆದ್ದರಿಂದ ಮಕ್ಕಳೇ, ಈ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಭಜ್ಜಿ ಉಣ್ಣಿರಿ. ಅದರಲ್ಲಿ ಬಿದ್ದ ಪ್ರತಿ ಕಾಳಿನ, ಪ್ರತಿ ಸೊಪ್ಪಿನ ಹೆಸರನ್ನು ಅಜ್ಜಿಯನ್ನು ಕೇಳಿ ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡು ಬನ್ನಿರಿ. ನಾನೂ ನಮ್ಮ ತಾಯಿಯನ್ನು ಕೇಳಿ ಬರೆಯುತ್ತೇನೆ.