ಕಣ್ಣಾರೆ ಕಂಡವರ ಸಾಕ್ಷಿ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನೋ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಕೋರ್ಟಿನಲ್ಲಿ ಒಬ್ಬರು ನಿಂತು, ಆರೋಪಿಯ ಕಡೆ ಕೈ ತೋರಿಸಿ, 'ಇವನೇ ಸ್ವಾಮಿ, ಕಣ್ಣಾರೆ ಕಂಡಿದ್ದೀನಿ' ಅಂದರೆ ಮುಗೀತು. ಗಾದೆ ಅಲ್ಲೇ ಮರೆತು ಹೋಗುತ್ತೆ.

ಲಂಡನ್ನಿನ ಅಡಾಲ್ಫ್ ಬೆಕ್ ಪ್ರಕರಣ ಹೀಗೇ ಆಯಿತು. ಹೆಂಗಸರ ಒಡವೆ ಲಪಟಾಯಿಸಿದ ಮೋಸಗಾರ ಇವನೇ ಎಂದು 1896ರಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹಲವು ಮಹಿಳೆಯರು ಬೆಕ್‌ನನ್ನು ಗುರುತಿಸಿದರು. 1877ರಲ್ಲಿ ಜಾನ್ ಸ್ಮಿತ್ ಎಂಬ ಹೆಸರಲ್ಲಿ ಜೈಲಿಗೆ ಹೋಗಿದ್ದವನೂ ಇವನೇ ಎಂದು ಪೊಲೀಸರೂ ಹೇಳಿದರು. ಆತನಿಗೆ 7 ವರ್ಷ ಶಿಕ್ಷೆಯಾಯಿತು. ಬಿಡುಗಡೆಯಾಗಿ ಬಂದ ಮೇಲೆ 1904ರಲ್ಲಿ ಅದೇ ಬಗೆಯ ಆರೋಪ, ಮತ್ತೆ ಹೆಂಗಸರ ಗುರುತು, ಮತ್ತೆ 'ಅಪರಾಧಿ' ಎಂಬ ತೀರ್ಪು. ಆತ ಸೆರೆಯಲ್ಲಿದ್ದಾಗಲೇ ನಿಜವಾದ ಕಳ್ಳ ಸಿಕ್ಕಿಬಿದ್ದ! ಆ ಹೆಂಗಸರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಪ್ರಾಮಾಣಿಕವಾಗಿ ತಪ್ಪಿದ್ದರು. ಇದರ ಬಿಸಿಗೇ ಇಂಗ್ಲೆಂಡಿನಲ್ಲಿ 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯದ ಕಾಯ್ದೆ ಬಂತು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗ ದಾಟಿ ಹೋಗುತ್ತೆ. ರಾತ್ರಿ ಅಲ್ಲಿ ಲಾರಿ ತಡೆದು ಸುಲಿಗೆ ಮಾಡಿದರು ಅಂದುಕೊಳ್ಳಿ. ಡ್ರೈವರ್ ಯಾವುದೋ ಊರಿನವನು, ಸುಲಿದವರು ಇನ್ಯಾವುದೋ ಊರಿನವರು. ಹೆಡ್‌ಲೈಟ್ ಬೆಳಕಲ್ಲಿ, ಕತ್ತಿನ ಹತ್ತಿರ ಚಾಕು ಇರುವಾಗ ಕಂಡ ಮುಖವನ್ನು ಅವನು ವರ್ಷಗಳಾದ ಮೇಲೆ ಕೋರ್ಟಿಗೆ ಬಂದು ಗುರುತಿಸಬೇಕು. ಕಟಕಟೆಯಲ್ಲಿ ನಿಂತವನೇ ಆರೋಪಿ ಅಂತ ಯಾರಿಗೆ ತಾನೇ ಗೊತ್ತಾಗೋದಿಲ್ಲ? ಅದಕ್ಕೇ ಗುರುತು ಪತ್ತೆ ಪರೇಡ್ ಎಂಬ ಪದ್ಧತಿ ಇರೋದು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು, ತಾಲ್ಲೂಕು ದಂಡಾಧಿಕಾರಿಯಾಗಿ, ಪೊಲೀಸರನ್ನು ಆಚೆ ಕಳಿಸಿ, ಅದೇ ವಯಸ್ಸು ಮೈಕಟ್ಟಿನವರ ಸಾಲಿನಲ್ಲಿ ಆರೋಪಿಯನ್ನು ನಿಲ್ಲಿಸಿ ಸಾಕ್ಷಿಯನ್ನು ಕರೆಸುತ್ತಾರೆ. ಇದನ್ನು ಬೇಗ ಮಾಡಬೇಕು. ಅದಕ್ಕೂ ಮೊದಲು ಸಾಕ್ಷಿಗೆ ಆ ಮುಖವನ್ನಾಗಲಿ, ಫೋಟೋವನ್ನಾಗಲಿ ತೋರಿಸಿರಬಾರದು. ಪರಿಚಯವೇ ಇಲ್ಲದವನನ್ನು ಪರೇಡ್ ಇಲ್ಲದೆ ಮೊದಲ ಸಲ ಕೋರ್ಟಿನಲ್ಲೇ ಗುರುತಿಸಿದರೆ ಅದಕ್ಕೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲಿ, ಕೇರಳದ ಕಣ್ಣನ್ ಪ್ರಕರಣದಲ್ಲಿ ಹೇಳಿತು. ಮುಂದೆ ಆ ಮಾತು ಸ್ವಲ್ಪ ಸಡಿಲವಾಯಿತಾದರೂ ಎಚ್ಚರಿಕೆ ಉಳಿದುಕೊಂಡಿದೆ.

ಹೆದ್ದಾರಿ ಬಿಟ್ಟು ಹೊಳಲ್ಕೆರೆಯ ಅಡಿಕೆ ತೋಟಗಳ ಕಡೆಗೋ, ಹೊಸದುರ್ಗದ ತೆಂಗಿನ ತೋಟಗಳ ಕಡೆಗೋ ತಿರುಗಿದರೆ ಕಥೆಯೇ ಬೇರೆ. ಹಳ್ಳಿಯಲ್ಲಿ ಹೊಡೆದವನೂ ಹೊಡೆಸಿಕೊಂಡವನೂ ನೋಡಿದವನೂ ಒಂದೇ ಊರಿನವರು. ಕತ್ತಲಲ್ಲಿ ಕೆಮ್ಮಿದರೂ ಯಾರು ಅಂತ ಗೊತ್ತಾಗುತ್ತೆ. ಇಲ್ಲಿ ಕಣ್ಣು ತಪ್ಪೋದು ಕಮ್ಮಿ. ಎಡವಟ್ಟಾಗೋದು ನಾಲಿಗೆ. ಹಳೇ ದ್ವೇಷಕ್ಕೆ ಗುಂಪಿನಲ್ಲಿ ಇಲ್ಲದವನ ಹೆಸರೂ ಸೇರಿಬಿಡುತ್ತೆ. ಉತ್ತರ ಪ್ರದೇಶದ ಮಸಾಲ್ತಿ ಪ್ರಕರಣದಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟು ಇದನ್ನು ಕಂಡುಕೊಂಡೇ ಒಂದು ಅಳತೆಗೋಲಿಗೆ ಒಪ್ಪಿತು: ದೊಡ್ಡ ಗುಂಪಿನ ಅಪರಾಧದಲ್ಲಿ ಒಬ್ಬನನ್ನು ಶಿಕ್ಷಿಸಲು ಇಬ್ಬರು ಮೂವರಾದರೂ ಒಂದೇ ತೆರನಾಗಿ ಅವನನ್ನು ಗುರುತಿಸಿರಬೇಕು.

ಆದರೆ ಗುರುತಿದ್ದೂ ಹೇಳಲಾಗದಿದ್ದರೆ? 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲರಾದರು, ನಮ್ಮ ಮಾತಲ್ಲಿ ಹೇಳೋದಾದರೆ ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 7 ಜನ ಸತ್ತದ್ದು ನಿಜ, ಕೊಂದವರು ಮಾತ್ರ ಕಾನೂನಿನ ಲೆಕ್ಕದಲ್ಲಿ ಯಾರೂ ಅಲ್ಲ.

ಬೆಕ್‌ನನ್ನು ಕೆಡವಿದ್ದು ತಪ್ಪಾಗಿ ನೋಡಿದ ಕಣ್ಣು. ಕಂಬಾಲಪಲ್ಲಿಯ ಕೇಸನ್ನು ಕೆಡವಿದ್ದು ಕಟ್ಟಿಹೋದ ಬಾಯಿ. ಎರಡು ಕಡೆಯೂ ಕೇಸು ಮುಖ್ಯವಾಗಿ ನಿಂತದ್ದು ಸಾಕ್ಷಿಯ ಮಾತಿನ ಮೇಲೆ. ಮೊದಲನೆಯ ರೋಗಕ್ಕೆ ಬೇಗ ನಡೆಸಿದ, ನೆಟ್ಟಗೆ ನಡೆಸಿದ ಪರೇಡ್ ಮದ್ದು. ಎರಡನೆಯದಕ್ಕೆ ಬೇಕಾದದ್ದು ರಕ್ಷಣೆ. ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು 2018ರ ಡಿಸೆಂಬರಿನಲ್ಲಿ, ಕಂಬಾಲಪಲ್ಲಿಯಾಗಿ 18 ವರ್ಷದ ಮೇಲೆ!

ಹಾಗಾಗಿ ಪೇಪರಿನಲ್ಲಿ 'ಪ್ರತ್ಯಕ್ಷ ಸಾಕ್ಷಿ ಗುರುತಿಸಿದ್ದಾರೆ' ಅಂತ ಓದಿದಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ತೀನಿ. ಎಷ್ಟು ಬೆಳಕಿತ್ತು? ಪರೇಡಿಗೆ ಮೊದಲೇ ಆ ಮುಖ ವಾಟ್ಸಾಪಿನಲ್ಲಿ ಓಡಾಡಿತ್ತಾ? ಸಾಕ್ಷಿ ಹೇಳಿದ ರಾತ್ರಿ ಆ ಮನುಷ್ಯ ತನ್ನ ಮನೆಯಲ್ಲೇ ನೆಮ್ಮದಿಯಾಗಿ ಮಲಗಬಹುದಾ? ಮೊದಲೆರಡನ್ನು ವಕೀಲರು ಹೇಗೂ ಕೇಳ್ತಾರೆ. ಮೂರನೆಯದನ್ನು ಊರಿನವರಾದ ನಾವೇ ಕೇಳಬೇಕು.