ಅಡ ಇಟ್ಟಿದ್ದೇನು? ಥಾಯ್ ಮನೆಗಳ ಸಾಲದ ನೂರೈವತ್ತು ವರ್ಷ

ಇವತ್ತಿನ ಎಪಿಸೋಡನ್ನ ಒಂದು ಕಂತಿನ ಕಥೆಯಿಂದ ಶುರು ಮಾಡ್ತೀನಿ.

ವರ್ಷ 1905. ಜಾಗ ಸಯಾಮ್, ಅಂದ್ರೆ ಇವತ್ತಿನ ಥಾಯ್ಲೆಂಡ್. ರಾಜ ಚುಲಾಲಾಂಗ್‌ಕಾರ್ನ್ ಒಂದು ಕಾನೂನು ತರ್ತಾನೆ. ಸಾಲಕ್ಕೆ ಜೀತ ಇದ್ದವರ ಲೆಕ್ಕದಿಂದ ಪ್ರತಿ ತಿಂಗಳೂ 4 ಬಾತ್ ಕಡಿತ ಆಗ್ಬೇಕು. ಲೆಕ್ಕ ಸೊನ್ನೆಗೆ ಬಂದ ದಿನ ಆ ಮನುಷ್ಯ ಸ್ವತಂತ್ರ. ನೂರು ಬಾತ್ ಸಾಲ ಇದ್ರೆ 25 ತಿಂಗಳು. ಇದನ್ನ ಮೊದಲ ಸಲ ಓದಿದಾಗ ನಾನು ಬಿಕಾಂ ಬುದ್ಧಿಯಲ್ಲಿ ಯೋಚಿಸಿದ್ದು, ಇದು ಇಎಂಐ ಅಲ್ವಾ ಅಂತ. ಆಮೇಲೆ ಹೊಳೆದದ್ದು, ಇಲ್ಲಿ ಅಡ ಇದ್ದದ್ದು ಬೈಕೂ ಅಲ್ಲ, ಫ್ಲಾಟೂ ಅಲ್ಲ. ಮನುಷ್ಯನ ಮೈ.

ಈ ಕಥೆಗೆ ನಾನು ಬಂದದ್ದು ನನ್ನದೇ ಒಂದು ಪೆದ್ದುತನದಿಂದ. ಮೊದಲ ಕೆಲಸ ಸಿಕ್ಕಾಗ ಕ್ರೆಡಿಟ್ ಕಾರ್ಡ್ ತಗೊಂಡೆ. ಹನ್ನೊಂದು ತಿಂಗಳು ಬರೀ ಮಿನಿಮಮ್ ಡ್ಯೂ ಕಟ್ಟಿದೆ. ಅಕೌಂಟ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡವನು ನಾನು! ಸಾಲ ಯಾಕೆ ಇಳೀತಿಲ್ಲ ಅಂತ ಕೂತು ಲೆಕ್ಕ ಹಾಕಿದ್ದು ಹನ್ನೆರಡನೇ ತಿಂಗಳು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಏನ್ ಅಡ ಇಟ್ಟಿದೀಯೋ?" ಏನೂ ಇಲ್ಲಮ್ಮ ಅಂದೆ. ಅಮ್ಮ ನಂಬಲಿಲ್ಲ. ನನ್ನ ಕಾಲೇಜು ಫೀಸಿಗೆ ಪ್ರತಿ ಜೂನ್‌ನಲ್ಲಿ ಬಳೆ ಅಡ ಇಟ್ಟವರು ಅವರು. ಏನನ್ನೂ ಇಟ್ಟುಕೊಳ್ಳದೆ ಯಾರೂ ದುಡ್ಡು ಕೊಡಲ್ಲ ಅನ್ನೋದು ಅವರ ಲೆಕ್ಕ.

ಅಮ್ಮನ ಆ ಪ್ರಶ್ನೆಯನ್ನೇ ಇವತ್ತು ಥಾಯ್ ಮನೆಗಳಿಗೆ ಕೇಳೋಣ. ಏಷ್ಯಾದಲ್ಲಿ ಮನೆಸಾಲದ ಹೊರೆ ತುಂಬಾ ಜಾಸ್ತಿ ಇರುವ ದೇಶಗಳಲ್ಲಿ ಥಾಯ್ಲೆಂಡ್ ಒಂದು. 2021ರಲ್ಲಿ ಅಲ್ಲಿನ ಕುಟುಂಬಗಳ ಒಟ್ಟು ಸಾಲ ದೇಶದ ಜಿಡಿಪಿಯ ಶೇ 90 ದಾಟಿತ್ತು. ಇದು ಶಾಪಿಂಗ್ ಮಾಲ್‌ಗಳು ಬಂದ ಮೇಲೆ ಹುಟ್ಟಿದ ಸಾಲ ಅಲ್ಲ. ಬೇರು ತುಂಬಾ ಹಳೇದು.

ಮೊದಲು: ಮೈ

ಥಾಯ್ ಭಾಷೆಯಲ್ಲಿ ಜೀತದವರನ್ನ 'ಥಾಟ್' ಅಂತಾರೆ. ಬರೆಯೋ ಅಕ್ಷರ ನೋಡಿದ್ರೆ ಅದು ನಮ್ಮ 'ದಾಸ'. ಸಂಸ್ಕೃತದಿಂದ ಹೋದ ಪದ, ಉಚ್ಚಾರಣೆ ಮಾತ್ರ ಬದಲಾಗಿದೆ. ಇವರಲ್ಲಿ ಬಹಳ ಜನ ಯುದ್ಧದಲ್ಲಿ ಸೆರೆ ಸಿಕ್ಕವರಲ್ಲ, ಸಾಲಕ್ಕೆ ತಮ್ಮನ್ನೇ ಕೊಟ್ಟುಕೊಂಡವರು. ಇಲ್ಲಾಂದ್ರೆ ಅಪ್ಪ ಅಮ್ಮನೇ ಕೊಟ್ಟ ಮಕ್ಕಳು. ಧಣಿ ಮನೆಯಲ್ಲಿ ಮಾಡಿದ ಚಾಕರಿ ಬಡ್ಡಿಗೆ ಸರಿಹೋಗ್ತಿತ್ತು. ಅಸಲು ಹಾಗೇ ಇರ್ತಿತ್ತು. ಹತ್ತು ವರ್ಷ ದುಡಿದ್ರೂ ಅಸಲು ಅಷ್ಟೇ. ನನ್ನ ಮಿನಿಮಮ್ ಡ್ಯೂ ನೆನಪಾಯ್ತಾ?

1854ರಲ್ಲಿ ಪುಸ್ತಕ ಬರೆದ ಫ್ರೆಂಚ್ ಬಿಷಪ್ ಪಾಲ್ಗ್ವಾ, ಜನಸಂಖ್ಯೆಯ ಮೂರನೇ ಒಂದು ಭಾಗವಾದ್ರೂ ಹೀಗಿದ್ದಾರೆ ಅಂತ ಅಂದಾಜು ಮಾಡಿದ್ದ. 1874ರಲ್ಲಿ ಚುಲಾಲಾಂಗ್‌ಕಾರ್ನ್ ಮೊದಲ ಹೆಜ್ಜೆ ಇಟ್ಟ. ತಾನು ಪಟ್ಟಕ್ಕೆ ಬಂದ 1868ರಿಂದ ಈಚೆಗೆ ಹುಟ್ಟಿದ ಜೀತದ ಮಕ್ಕಳ 'ಬೆಲೆ' ವರ್ಷ ವರ್ಷ ಇಳಿಯುತ್ತಾ, 21ನೇ ವಯಸ್ಸಿಗೆ ಅವರು ಬಿಡುಗಡೆ. ಪೂರ್ತಿ ರದ್ದಾಗೋಕೆ 1905ರವರೆಗೆ ಕಾಯಬೇಕಾಯ್ತು.

ಜೀತ ಹೋಯ್ತು, ಒಳ್ಳೇದಾಯ್ತು. ಆದರೆ ಜನ ಸಾಲ ಮಾಡ್ತಿದ್ದ ಕಾರಣ ಹೋಗಲಿಲ್ಲ. ದುಡ್ಡು ಬರೋದು ವರ್ಷಕ್ಕೊಂದು ಸಲ, ಖರ್ಚು ಬರೋದು ದಿನಾ. ಈ ಒಂದು ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆವರೆಗೂ ಬೇಕಾಗುತ್ತೆ.

ಆಮೇಲೆ: ಪೈರು

1855ರಲ್ಲಿ ಬ್ರಿಟಿಷರ ಜೊತೆ ಬೌರಿಂಗ್ ಒಪ್ಪಂದ ಆಯ್ತು. ಆಮದು ಸುಂಕ ಶೇ 3ಕ್ಕೆ ನಿಗದಿ, ಅಕ್ಕಿ ರಫ್ತಿಗೆ ಬಾಗಿಲು ತೆರೆಯಿತು. 1850ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 60 ಸಾವಿರ ಟನ್ ಇದ್ದ ಅಕ್ಕಿ ರಫ್ತು, 1930ರ ದಶಕದ ಶುರುವಿಗೆ 15 ಲಕ್ಷ ಟನ್ ಹತ್ತಿರ ಹೋಯ್ತು. ಚಾವೋ ಫ್ರಾಯ ನದಿಯ ಬಯಲಲ್ಲಿ ಕಾಡು, ಜೌಗು ಎಲ್ಲ ಗದ್ದೆ ಆಯ್ತು. ಬ್ಯಾಂಕಾಕ್‌ನ ಉತ್ತರಕ್ಕೆ ರಂಗ್‌ಸಿತ್‌ನಲ್ಲಿ ಖಾಸಗಿ ಕಂಪನಿಯೊಂದು ಕಾಲುವೆ ತೋಡಿ, ಅಕ್ಕಪಕ್ಕದ ಜಮೀನು ಮಾರಿತು. ಕೊಂಡವರು ದೊಡ್ಡವರು, ಉಳುಮೆಗೆ ಬಂದವರು ಗೇಣಿದಾರರು.

ರೈತನ ಕೈಗೆ ಮೊದಲ ಸಲ ಒಳ್ಳೆ ದುಡ್ಡು ಬಂತು. ಜೊತೆಗೆ ದುಡ್ಡಿನಲ್ಲೇ ಮಾಡಬೇಕಾದ ಖರ್ಚೂ ಬಂತು: ಗೇಣಿ, ತೆರಿಗೆ, ಬಟ್ಟೆ, ಎಮ್ಮೆ. ಅಲ್ಲಿ ಆಗ ಉಳ್ತಿದ್ದದ್ದು ಎಮ್ಮೆಯಲ್ಲಿ. ಸುಗ್ಗಿಗೆ ಇನ್ನೂ ತಿಂಗಳುಗಳಿರುವಾಗ ಕೈ ಖಾಲಿ. ಆಗ ಅಂಗಡಿಯವನೋ, ಗಿರಣಿಯವನೋ ಬಂದು ಹಸಿರು ಪೈರಿಗೇ ಬೆಲೆ ಕಟ್ಟಿ ದುಡ್ಡು ಕೊಡ್ತಿದ್ದ. ಇದಕ್ಕೆ 'ಟೋಕ್ ಖಿಯಾವ್' ಅಂತ ಹೆಸರು. ಸುಗ್ಗಿಯಲ್ಲಿ ಭತ್ತ ಎಷ್ಟೇ ಬೆಲೆಗೆ ಹೋಗಲಿ, ರೈತನಿಗೆ ಸಿಗೋದು ಅವತ್ತು ಒಪ್ಪಿದ ಕಡಿಮೆ ಬೆಲೆ. ಬಡ್ಡಿ ಅನ್ನೋ ಪದವೇ ಬರಲ್ಲ, ಬಡ್ಡಿ ಬೆಲೆಯೊಳಗೇ ಅಡಗಿರುತ್ತೆ.

ಬಡ್ಡಿ ಅಂದೆನಲ್ಲ, ಥಾಯ್ ಭಾಷೆಯಲ್ಲಿ ಅದಕ್ಕೆ 'ಡೋಕ್ ಬಿಯಾ' ಅಂತಾರೆ. ಬಿಡಿಸಿದ್ರೆ ಕವಡೆಯ ಹೂವು. ಒಂದು ಕಾಲಕ್ಕೆ ಕವಡೆಯೇ ದುಡ್ಡು, ಆ ದುಡ್ಡು ಬಿಟ್ಟ ಹೂವು ಬಡ್ಡಿ. ಎಷ್ಟು ಚಂದದ ಪದ, ಎಂಥ ಕಹಿ ವಸ್ತುವಿಗೆ!

1930-31ರಲ್ಲಿ ಹಾರ್ವರ್ಡ್‌ನ ಕಾರ್ಲ್ ಝಿಮ್ಮರ್‌ಮನ್ ಸಯಾಮ್ ಸರ್ಕಾರಕ್ಕಾಗಿ ಹಳ್ಳಿಗಳ ಸರ್ವೆ ಮಾಡಿದರು. ಸಾಲದ ಭಾರ ಎಲ್ಲಿ ಜಾಸ್ತಿ ಇತ್ತು ಹೇಳಿ? ಒಣ ಈಶಾನ್ಯದಲ್ಲಿ ಅಂದ್ಕೊಂಡ್ರೆ ತಪ್ಪು. ಅಕ್ಕಿ ಮಾರುಕಟ್ಟೆ ಚೆನ್ನಾಗಿ ಬೆಳೆದಿದ್ದ ಮಧ್ಯ ಬಯಲಲ್ಲಿ. ಸಾಲ ಬಡತನದ ಬೆನ್ನು ಹತ್ತಿ ಮಾತ್ರ ಬರಲ್ಲ, ಮಾರುಕಟ್ಟೆಯ ಬೆನ್ನು ಹತ್ತಿಯೂ ಬರುತ್ತೆ.

ನಮ್ಮ ಕಡೆಯ ಒಂದು ಎಳೆ

ಇಲ್ಲಿ ಒಂದು ನಿಮಿಷ ನಿಲ್ಲಿ. ಈ ಸಾಲಕ್ಕೆ ಮದ್ದು ಹುಡುಕೋಕೆ ಸಯಾಮ್ ಸರ್ಕಾರ 1914ರಲ್ಲಿ ಕರೆಸಿಕೊಂಡದ್ದು ಯಾರನ್ನ? ಮದ್ರಾಸ್ ಬ್ಯಾಂಕಿನ ಮುಖ್ಯಸ್ಥ ಸರ್ ಬರ್ನಾರ್ಡ್ ಹಂಟರ್‌ನನ್ನ. ಭಾರತದಲ್ಲಿ 1904ರಲ್ಲೇ ಸಹಕಾರ ಸಂಘಗಳ ಕಾನೂನು ಬಂದಿತ್ತು. ಮರುವರ್ಷ ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದ್ದರು. ಜರ್ಮನಿಯ ರೈಫೈಸೆನ್ ಮಾದರಿ ಭಾರತಕ್ಕೆ ಬಂದಿತ್ತು, ಈಗ ಸಯಾಮ್‌ಗೂ ಹೋಯ್ತು. 1916ರಲ್ಲಿ ಫಿತ್ಸನುಲೋಕ್‌ನ ವಾಟ್ ಚಾನ್‌ನಲ್ಲಿ 16 ಸದಸ್ಯರ ಮೊದಲ ಸಂಘ ಶುರುವಾಯ್ತು.

ಅಲ್ಲಿ ಅಡ ಇಟ್ಟಿದ್ದೇನು? ಪರಸ್ಪರ ನಂಬಿಕೆ. ಒಬ್ಬ ಕಟ್ಟದಿದ್ರೆ ಉಳಿದವರು ಕಟ್ಟಬೇಕು, ಹೊಣೆಗೆ ಮಿತಿಯೇ ಇಲ್ಲ. ಇದು ಒಳ್ಳೆ ದಾರಿ, ಆದರೆ ನಿಧಾನದ ದಾರಿ. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತ ಬಂದು ಭತ್ತದ ಬೆಲೆ ಬಿತ್ತು. ಸಾಲದ ಅಂಕಿ ಮಾತ್ರ ಬೀಳಲಿಲ್ಲ.

ನಂತರ: ಜಮೀನು, ನಂಬಿಕೆ

ಬೌದ್ಧ ಶಕೆ 2475, ಅಂದ್ರೆ 1932. ಅರಸೊತ್ತಿಗೆಯ ನಿರಂಕುಶ ಆಳ್ವಿಕೆ ಕೊನೆಯಾದ ವರ್ಷ. ಅದೇ ಬೌದ್ಧ ಶಕೆಯಲ್ಲಿ ಅತಿ ಬಡ್ಡಿ ನಿಷೇಧ ಕಾನೂನೂ ಬಂತು. ವರ್ಷಕ್ಕೆ ಶೇ 15ಕ್ಕಿಂತ ಹೆಚ್ಚು ಬಡ್ಡಿ ಅಪರಾಧ.

ಕಾನೂನು ಬಡ್ಡಿಗೆ ಗೆರೆ ಎಳೀತು. ಗೆರೆ ಪಕ್ಕದಲ್ಲೇ ಇನ್ನೊಂದು ದಾರಿ ಇತ್ತು: 'ಖಾಯ್ ಫಾಕ್'. ನಮ್ಮಲ್ಲಿ ಷರತ್ತಿನ ಕ್ರಯ ಅಂತಾರಲ್ಲ, ಹೆಚ್ಚು ಕಡಿಮೆ ಹಾಗೆ. ಜಮೀನನ್ನ ಸಾಲಗಾರನ ಹೆಸರಿಂದ ಸಾಲ ಕೊಟ್ಟವನ ಹೆಸರಿಗೆ ಕ್ರಯ ಮಾಡಿಬಿಡೋದು. ಹೇಳಿದ ದಿನದೊಳಗೆ ದುಡ್ಡು ತಂದ್ರೆ ವಾಪಸ್, ಒಂದು ದಿನ ತಡವಾದ್ರೆ ಜಮೀನು ಹೋಯ್ತು. ಕೋರ್ಟು, ಹರಾಜು ಏನೂ ಬೇಡ. ವಾಸದ ಮನೆ, ಉಳುವ ಭೂಮಿಯನ್ನ ಹೀಗೆ ಕಳ್ಕೊಳ್ಳೋರಿಗೆ ರಕ್ಷಣೆ ಕೊಡೋ ವಿಶೇಷ ಕಾನೂನು ಬಂದದ್ದು 2019ರಲ್ಲಿ. ಅಷ್ಟು ತಡವಾಗಿ.

1966ರಲ್ಲಿ ಸರ್ಕಾರ ಕೃಷಿ ಮತ್ತು ಕೃಷಿ ಸಹಕಾರ ಬ್ಯಾಂಕ್ ಶುರು ಮಾಡಿ, ರೈತರ ಗುಂಪಿಗೆ ಜಂಟಿ ಹೊಣೆಯ ಮೇಲೆ ಸಾಲ ಕೊಡೋಕೆ ಹೊರಟಿತು. ಪಟ್ಟಣದವರಿಗೆ ಇನ್ನೊಂದು ದಾರಿ ಇತ್ತು, ನಮ್ಮ ಚೀಟಿ ಥರದ 'ಚೇ'. ಪ್ರತಿ ತಿಂಗಳು ಎಲ್ಲರೂ ದುಡ್ಡು ಹಾಕೋದು, ಹೆಚ್ಚು ಬಡ್ಡಿ ಕೂಗಿದವರು ಎತ್ತೋದು. ಅಡ ಇರೋದು ಮುಖ ಪರಿಚಯ ಮಾತ್ರ.

ಆ ಪರಿಚಯವನ್ನೇ ಬಂಡವಾಳ ಮಾಡಿಕೊಂಡವಳು ಚಮೋಯ್ ಥಿಪ್ಯಾಸೋ. ಸರ್ಕಾರಿ ತೈಲ ಸಂಸ್ಥೆಯ ನೌಕರೆ. ತೈಲ ಟ್ಯಾಂಕರ್‌ನಲ್ಲಿ ಪಾಲು ಕೊಡ್ತೀನಿ, ತಿಂಗಳಿಗೆ ಸುಮಾರು ಶೇ 6.5 ಲಾಭ ಅಂದಳು. 16 ಸಾವಿರಕ್ಕೂ ಹೆಚ್ಚು ಜನ ದುಡ್ಡು ಹಾಕಿದರು. ಹೊಸಬರ ದುಡ್ಡು ಹಳಬರಿಗೆ ಹೋಗ್ತಿತ್ತು, ಅಷ್ಟೇ. 1989ರಲ್ಲಿ ಕೋರ್ಟ್ ಅವಳಿಗೆ ಕೊಟ್ಟ ಶಿಕ್ಷೆ 1,41,078 ವರ್ಷ! ನಿಜವಾಗಿ ಅನುಭವಿಸಿದ್ದು ಸುಮಾರು ಎಂಟು ವರ್ಷ.

ಈಗ: ನಾಳೆಯ ಸಂಬಳ

1997ರ ಜುಲೈ 2. ಸರ್ಕಾರ ಬಾತ್ ಬೆಲೆಯನ್ನ ಮಾರುಕಟ್ಟೆಗೆ ಬಿಟ್ಟಿತು. ಡಾಲರ್‌ಗೆ 25 ಇದ್ದದ್ದು 1998ರ ಜನವರಿಗೆ 56 ಆಯ್ತು. 56 ಫೈನಾನ್ಸ್ ಕಂಪನಿಗಳು ಮುಚ್ಚಿದವು. ಅದು ಮುಖ್ಯವಾಗಿ ಕಂಪನಿಗಳ ಸಾಲದ ಬಿಕ್ಕಟ್ಟು. ಪೆಟ್ಟು ತಿಂದ ಬ್ಯಾಂಕುಗಳು ಆಮೇಲೆ ದೊಡ್ಡ ಕಂಪನಿ ಬಿಟ್ಟು ಸಣ್ಣ ಮನೆಗಳ ಕಡೆ ತಿರುಗಿದವು. ಕಾರ್ಡು, ಪರ್ಸನಲ್ ಲೋನು, ವಾಹನ ಸಾಲ.

2001ರಲ್ಲಿ ಥಾಕ್ಸಿನ್ ಸರ್ಕಾರ ಊರೂರಿಗೆ ತಲಾ 10 ಲಕ್ಷ ಬಾತ್ ನಿಧಿ ಕೊಟ್ಟಿತು, 70 ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ. ಕಾಮರ್ಸ್ ಹುಡುಗನಿಗೆ ಖುಷಿ ಕೊಡೋ ವಿಷಯ ಇಲ್ಲಿದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಟೌನ್‌ಸೆಂಡ್ ಅವರ ತಂಡ 1998ರಿಂದಲೇ ಥಾಯ್ ಹಳ್ಳಿಗಳಲ್ಲಿ ಪ್ರತಿ ತಿಂಗಳೂ ಮನೆಮನೆ ಲೆಕ್ಕ ಬರೆದುಕೊಳ್ಳುತ್ತಿತ್ತು. ಮನೆಯನ್ನ ಒಂದು ಕಂಪನಿ ಅಂತ ನೋಡಿ ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ಎಲ್ಲ ಮಾಡಿದರು. ಊರು ಸಣ್ಣದಾದ್ರೂ ದೊಡ್ಡದಾದ್ರೂ ನಿಧಿ ಒಂದೇ ಮೊತ್ತ. ಹಾಗಾಗಿ ಸಣ್ಣ ಊರಿನ ಮನೆಗೆ ಹೆಚ್ಚು ಸಾಲ ಸಿಕ್ತು. ಹೋಲಿಸಿ ನೋಡೋಕೆ ಸುಲಭ ಆಯ್ತು. ಕಂಡದ್ದೇನು? ಮನೆಖರ್ಚು ಹೆಚ್ಚಿತು, ಕೃಷಿ ಹೂಡಿಕೆಯೂ ಆದಾಯವೂ ಹೆಚ್ಚಿದವು. ಒಟ್ಟು ಆಸ್ತಿ ಬೆಳೆಯುವ ವೇಗ ಮಾತ್ರ ಇಳಿಯಿತು. ಜನ ಪೋಲು ಮಾಡಿದರು ಅಂತ ಇದನ್ನ ಓದಬೇಡಿ. ತಡೆದುಕೊಂಡಿದ್ದ ಖರ್ಚನ್ನ ಈಗ ಮಾಡಿದರು.

2011ರಲ್ಲಿ ಬಂದದ್ದು ಮೊದಲ ಕಾರು ಯೋಜನೆ. ಮೊದಲ ಸಲ ಕಾರು ಕೊಂಡ್ರೆ 1 ಲಕ್ಷ ಬಾತ್‌ವರೆಗೆ ತೆರಿಗೆ ವಾಪಸ್, ಐದು ವರ್ಷ ಮಾರೋ ಹಾಗಿಲ್ಲ. 12 ಲಕ್ಷಕ್ಕೂ ಹೆಚ್ಚು ಜನ ಮುಗಿಬಿದ್ದರು. ರಿಯಾಯಿತಿ ಸಿಕ್ಕಿದ್ದು ಒಂದು ಸಲ, ಕಂತು ಬಂದದ್ದು ತಿಂಗಳು ತಿಂಗಳು.

ಸಂಬಳದವರೂ ಬಚಾವಾಗಲಿಲ್ಲ. ಅಲ್ಲಿನ ಸುಮಾರು 9 ಲಕ್ಷ ಶಿಕ್ಷಕರು, ಶಿಕ್ಷಣ ಸಿಬ್ಬಂದಿಗೆ ಸುಮಾರು 1.4 ಲಕ್ಷ ಕೋಟಿ ಬಾತ್ ಸಾಲ ಇದೆ ಅನ್ನೋದು ಸರ್ಕಾರದ್ದೇ ಲೆಕ್ಕ. ಖಾಯಂ ನೌಕರಿ, ಸಂಬಳದಿಂದಲೇ ಕಡಿತ. ಸಾಲ ಕೊಡುವವರಿಗೆ ಇದಕ್ಕಿಂತ ಒಳ್ಳೆ ಅಡಮಾನ ಎಲ್ಲಿ ಸಿಗುತ್ತೆ?

ಈಗ ಒಂದು ಲೆಕ್ಕ. ಥಾಯ್ಲೆಂಡ್‌ನ ರಾಷ್ಟ್ರೀಯ ಅಂಕಿಅಂಶ ಕಚೇರಿಯ 2021ರ ಸರ್ವೆ ಪ್ರಕಾರ ಸರಾಸರಿ ಮನೆಯ ತಿಂಗಳ ಆದಾಯ 27,352 ಬಾತ್, ಖರ್ಚು 21,616. ಉಳಿದದ್ದು 5,736. ಪರವಾಗಿಲ್ಲ ಅನ್ಸುತ್ತೆ. ಸರಾಸರಿ ಸಾಲ 2,05,679 ಬಾತ್. ಆದರೆ ಸಾಲ ಇದ್ದದ್ದು ಶೇ 51.5 ಮನೆಗಳಿಗೆ ಮಾತ್ರ. ಸಾಲ ಇಲ್ಲದವರನ್ನ ಬಿಟ್ಟು ಭಾಗಿಸಿ ನೋಡಿ, ಸಾಲ ಇರುವ ಪ್ರತಿ ಮನೆಗೆ ಸುಮಾರು 4 ಲಕ್ಷ ಬಾತ್. ಅಂದ್ರೆ ಹದಿನಾಲ್ಕೂವರೆ ತಿಂಗಳ ಪೂರ್ತಿ ಆದಾಯ, ಊಟ ತಿಂಡಿ ಏನೂ ಮಾಡದೆ. ಸರಾಸರಿ ಅನ್ನೋದು ಎಷ್ಟು ಸಲೀಸಾಗಿ ಮುಚ್ಚಿಡುತ್ತೆ ನೋಡಿ.

ಈ ಲೆಕ್ಕಕ್ಕೆ ಸರಿಯಾಗಿ ಸಿಗದ ಸಾಲ ಇನ್ನೊಂದಿದೆ. ಬೈಕಿನಲ್ಲಿ ಹೆಲ್ಮೆಟ್ ತೆಗೆಯದೆ ಬಂದು ದಿನಾ ವಸೂಲಿ ಮಾಡೋರನ್ನ ಅಲ್ಲಿ 'ಹೆಲ್ಮೆಟ್ ಗ್ಯಾಂಗ್' ಅಂತಾರೆ. ತಿಂಗಳಿಗೆ ಶೇ 20 ಬಡ್ಡಿ ಮಾಮೂಲು. ವರ್ಷಕ್ಕೆ ಶೇ 240. ಕಾನೂನಿನ ಗೆರೆ ಇನ್ನೂ ಶೇ 15ರಲ್ಲೇ ಇದೆ. 2023ರ ಕೊನೆಗೆ ಸರ್ಕಾರ ಇಂಥ ಸಾಲವನ್ನ ರಾಷ್ಟ್ರೀಯ ಸಮಸ್ಯೆ ಅಂತ ಘೋಷಿಸಿ, ಸಿಕ್ಕಿಬಿದ್ದವರು ಬಂದು ಹೆಸರು ಬರೆಸಿ ಅಂತ ಕರೆಯಿತು. ಪ್ರತಿ ಮೇ ತಿಂಗಳಲ್ಲಿ, ಶಾಲೆ ಶುರುವಾಗೋ ಮುಂಚೆ, ಗಿರವಿ ಅಂಗಡಿಗಳ ಮುಂದೆ ಅಪ್ಪ ಅಮ್ಮಂದಿರು ಚಿನ್ನ ಹಿಡಿದು ನಿಲ್ಲೋದು ಈಗಲೂ ಇದೆ. ಆ ಸಾಲಿನಲ್ಲಿ ನಮ್ಮಮ್ಮನೂ ಇದ್ದ ಹಾಗೆ ನನಗೆ ಕಾಣುತ್ತೆ.

ಮೈ, ಪೈರು, ಜಮೀನು, ನಂಬಿಕೆ, ಸಂಬಳ. ಪ್ರತಿ ಸುಧಾರಣೆಯೂ ಹಿಂದಿನ ಅಡವನ್ನ ಬಿಡಿಸಿದೆ, ಜನ ಹೊಸದೊಂದನ್ನ ಇಟ್ಟಿದ್ದಾರೆ. ಯಾಕಂದ್ರೆ ದುಡ್ಡು ಬರೋ ದಿನಕ್ಕೂ ಬೇಕಾಗೋ ದಿನಕ್ಕೂ ಇರುವ ಅಂತರ ಹಾಗೇ ಇದೆ. ಥಾಯ್ ಜನರಿಗೆ ಉಳಿತಾಯ ಗೊತ್ತಿಲ್ಲ ಅಂತ ಬೈಯೋರಿಗೆ ನನ್ನ ಉತ್ತರ ಇದು. ಮಳೆ ನಂಬಿದವರು, ದಿನಗೂಲಿಯವರು, ರಸ್ತೆಬದಿ ಅಡುಗೆ ಮಾಡಿ ಮಾರೋರು ಕಂತಿನ ತಾರೀಖಿಗೆ ಸರಿಯಾಗಿ ದುಡ್ಡು ಹೇಗೆ ತರಬೇಕು?

ಥಾಯ್ಲೆಂಡ್‌ನಲ್ಲಿ ಕಾರ್ಡಿನ ಮಿನಿಮಮ್ ಪೇಮೆಂಟ್ ಕೋವಿಡ್ ಮುಂಚೆ ಶೇ 10 ಇತ್ತು. ಜನರಿಗೆ ಉಸಿರು ಬಿಡೋಕೆ ಅಂತ 2020ರಲ್ಲಿ ಶೇ 5ಕ್ಕೆ ಇಳಿಸಿದರು, 2024ರಲ್ಲಿ ಶೇ 8ಕ್ಕೆ ಏರಿಸಿದರು. ಇಳಿಸಿದ್ರೆ ಈ ತಿಂಗಳು ಹಗುರ, ಸಾಲ ಉದ್ದ. ಏರಿಸಿದ್ರೆ ಸಾಲ ಗಿಡ್ಡ, ಈ ತಿಂಗಳು ಭಾರ. 1905ರ ಆ 4 ಬಾತ್ ಕಾನೂನಿನಲ್ಲಿ ಒಂದು ಒಳ್ಳೆ ಗುಣ ಇತ್ತು, ಕಡಿತ ಆಗಿದ್ದೆಲ್ಲ ಅಸಲಿನಿಂದ.

ಅಮ್ಮನಿಗೆ ಕೊನೆಗೆ ನಿಜ ಹೇಳಿದೆ: ಅಡ ಇಟ್ಟದ್ದು ಮುಂದಿನ ಹನ್ನೊಂದು ತಿಂಗಳ ಸಂಬಳ. "ಬಳೆ ಆಗಿದ್ರೆ ಕೈ ಬೋಳು ಅಂತ ದಿನಾ ಕಾಣ್ತಿತ್ತು ಕಣೋ" ಅಂದ್ರು. ಅಷ್ಟೇ. ಈ ವಾರ ನಿಮ್ಮ ಫೋನ್‌ನಲ್ಲಿರೋ ಒಂದೊಂದು ಸಾಲವನ್ನೂ ತೆಗೆದು ಅಮ್ಮನ ಪ್ರಶ್ನೆ ಕೇಳಿ. ಉತ್ತರ ನನಗೂ ಕಳಿಸಿ.