ಮನೆಯ ಕಂಪ್ಯೂಟರ್ ವಿಜ್ಞಾನಕ್ಕೆ ದುಡಿಯಬಹುದೇ? ಕೆಲಸ ಸಿಗದಿದ್ದರೆ ಏನು ಮಾಡಬೇಕು?

1965ರಲ್ಲಿ ಕೆಜಿಎಫ್ ಚಿನ್ನದ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಕಣಗಳನ್ನು ಪತ್ತೆ ಮಾಡಿದರು. ಗಣಿ 2001ರಲ್ಲಿ ಮುಚ್ಚಿತು. ಇಂದು ಕಣವಿಜ್ಞಾನಕ್ಕೆ ನೆರವಾಗಲು ಕೆಜಿಎಫ್ ಅಥವಾ ಬಂಗಾರಪೇಟೆಯ ಮನೆಯಲ್ಲಿರುವ ಕಂಪ್ಯೂಟರ್ ಸಾಕು. ‘ಬಾಯಿಂಕ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ, ಅದು ಬಿಡುವಿನ ವೇಳೆಯಲ್ಲಿ ಸಂಶೋಧಕರ ಲೆಕ್ಕಗಳನ್ನು ಮಾಡಿಕೊಡುತ್ತದೆ.

ಹಣ ಬರುತ್ತದೆಯೇ?
ಇಲ್ಲ. ಯೋಜನೆಗಳು ಕೊಡುವುದು ಅಂಕಗಳನ್ನು ಮಾತ್ರ. ಕರೆಂಟ್ ಬಿಲ್ ನಿಮ್ಮದೇ. ಹಣದ ಆಸೆ ತೋರಿಸುವ ಲಿಂಕ್ ಬಂದರೆ ಒತ್ತಬೇಡಿ.

ಒಂದೇ ಯೋಜನೆ ಸಾಕೇ?
ಸಾಲದು. ಅನ್ಯಲೋಕದ ಸಂಕೇತ ಹುಡುಕುತ್ತಿದ್ದ ‘ಸೆಟಿ ಅಟ್ ಹೋಮ್’ 2020ರ ಮಾರ್ಚ್‌ನಲ್ಲಿ ಹೊಸ ಕೆಲಸ ಕಳಿಸುವುದನ್ನು ನಿಲ್ಲಿಸಿತು. ಸರ್ನ್‌ನ ‘ಎಲ್‌ಎಚ್‌ಸಿ ಅಟ್ ಹೋಮ್’ನಲ್ಲೂ ಕೆಲವೊಮ್ಮೆ ಕೆಲಸ ಇರುವುದಿಲ್ಲ.

ಪರಿಹಾರವೇನು?
ಎರಡನೆಯ ಯೋಜನೆಯೊಂದಕ್ಕೂ ಸೇರಿ. ಉದಾಹರಣೆಗೆ, ಗುರುತ್ವ ಅಲೆ ಮತ್ತು ಪಲ್ಸಾರ್ ಹುಡುಕುವ ‘ಐನ್‌ಸ್ಟೈನ್ ಅಟ್ ಹೋಮ್’. ಅದರ ಜಾಲತಾಣದ ನಿಮ್ಮ ಖಾತೆಯಲ್ಲಿ ‘ರಿಸೋರ್ಸ್ ಶೇರ್’ 0 ಎಂದು ಬರೆಯಿರಿ. ಮೊದಲನೆಯದರಲ್ಲಿ ಕೆಲಸ ಇಲ್ಲದಾಗ ಮಾತ್ರ ಇದು ಕೆಲಸ ತರಿಸಿಕೊಳ್ಳುತ್ತದೆ. 0 ಎಂದರೆ ಬಂದ್ ಅಲ್ಲ, ಬದಲಿ ಆಟಗಾರ!

ಆಯ್ಕೆ ಹೇಗೆ?
ನಡೆಸುವ ಸಂಸ್ಥೆ ಯಾವುದು, ಫಲಿತಾಂಶ ಪ್ರಕಟಿಸುತ್ತದೆಯೇ ಎಂದು ನೋಡಿ. ತಂತ್ರಾಂಶವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಆಫೀಸಿನ ಕಂಪ್ಯೂಟರ್‌ನಲ್ಲಿ ಅನುಮತಿಯಿಲ್ಲದೆ ಹಾಕಬೇಡಿ. ಲ್ಯಾಪ್‌ಟಾಪ್ ಬಿಸಿಯಾದರೆ ಸಿಪಿಯು ಬಳಕೆಯ ಮಿತಿ ತಗ್ಗಿಸಿ.